ಗ್ರೈಂಡಿಂಗ್ ವೀಲ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಊರಿನ ಕ್ರ್ಯಾಂಕ್ ಗ್ರೈಂಡಿಂಗ್ ಶಾಪ್ ಇರಲಿ, ಪೀಣ್ಯದ ಜಾಬ್ ಶಾಪ್ ಇರಲಿ, ಜಾಬ್ (ಉಜ್ಜುತ್ತಿರುವ ಲೋಹದ ಭಾಗ) ಕೆಟ್ಟಾಗ ಮೊದಲು ಕೇಳಿಬರುವ ಮಾತು ಒಂದೇ: "ಅಣ್ಣಾ, ಈ ವೀಲ್ ಸರಿಯಿಲ್ಲ, ಬೇರೆ ತರ್ಸಿ." ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳ ಸಲ ವೀಲ್ ಸರಿಯಾಗೇ ಇರುತ್ತದೆ. ಡ್ರೆಸ್ಸಿಂಗ್ (ಡೈಮಂಡ್ ತುದಿಯಿಂದ ವೀಲಿನ ಮುಖ ಕೆರೆದು ಚುರುಕು ಮಾಡುವುದು) ಸರಿಯಾಗಿರುವುದಿಲ್ಲ, ಬೆಲ್ಟ್ ಜಾರುತ್ತಿರುತ್ತದೆ, ಇಲ್ಲವೇ ಕೂಲೆಂಟ್ (ಜಾಬ್ ತಣಿಸುವ, ಎಣ್ಣೆ ಕಲಸಿದ ನೀರು) ಬರೀ ನೀರಾಗಿರುತ್ತದೆ. ಹೊಸ ವೀಲ್ ಹಾಕಿದ ಮೇಲೆ ಎರಡು ದಿನ ಕೆಲಸ ಚೆನ್ನಾಗಿ ಓಡುವುದೂ ಇದೇ ಕಾರಣಕ್ಕೆ: ಹಾಕುವಾಗ ಹೊಸದಾಗಿ ಡ್ರೆಸ್ ಮಾಡಿರುತ್ತೀರಿ. ಮೂರನೇ ದಿನ ಅದೇ ಕಲೆ, ಅದೇ ಗೆರೆ.

ಹಾಗಾಗಿ ಇಲ್ಲಿ ದುಡ್ಡು ಖರ್ಚಾಗದ ತಪಾಸಣೆ ಮೊದಲು, ವೀಲ್ ಬದಲಿಸುವುದು ಕೊನೆಗೆ. ಹೆಚ್ಚಿನ ಉದಾಹರಣೆಗಳು ಎಂಜಿನ್ ಕೆಲಸದವು, ಅಂದರೆ ಕ್ರ್ಯಾಂಕ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ದುಂಡು ಭಾಗ), ವಾಲ್ವ್, ಹೆಡ್. ಫ್ಯಾಬ್ರಿಕೇಶನ್‌ನವರಿಗೆ ಬೇಕಾದ ಆಂಗಲ್ ಗ್ರೈಂಡರ್ ವಿಷಯ ಕೊನೆಯಲ್ಲಿದೆ.

ಈ ಲಕ್ಷಣ ಕಂಡರೆ ಮುಂದೆ ಓದಬೇಡಿ, ಮೊದಲು ಮೇನ್ ಆಫ್ ಮಾಡಿ

ಇದ್ದಕ್ಕಿದ್ದಂತೆ ಶುರುವಾದ ನಡುಕ, ವೀಲಿನಿಂದ ಚೂರು ಕಿತ್ತು ಬರುವುದು, "ಟಕ್" ಎಂಬ ಒಂದೇ ಒಂದು ಸದ್ದು, ಜಾಬ್ ವೀಲಿಗೆ ಸಿಕ್ಕಿ ಗುದ್ದಿದ್ದು, ವೀಲ್ ಕೈಜಾರಿ ನೆಲಕ್ಕೆ ಬಿದ್ದದ್ದು. ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಆ ವೀಲನ್ನು ಬಿಚ್ಚಿ ಪರೀಕ್ಷಿಸುವವರೆಗೆ ಮತ್ತೆ ತಿರುಗಿಸುವಂತಿಲ್ಲ. 350 ಮಿ.ಮೀ. ವೀಲ್ 1800 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಅದರ ಅಂಚಿನ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಸಿಡಿದ ಚೂರು ಗಾರ್ಡ್ ಇಲ್ಲದ ಯಂತ್ರದಲ್ಲಿ ಯಾರನ್ನೂ ನೋಡಿಕೊಂಡು ಹೋಗುವುದಿಲ್ಲ.

ಪರೀಕ್ಷೆ ಸುಲಭ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೇ. ಒಣಗಿದ, ಸ್ವಚ್ಛ ವೀಲನ್ನು ರಂಧ್ರದಲ್ಲಿ ಬೆರಳು ಅಥವಾ ಕಡ್ಡಿ ತೂರಿಸಿ ತೂಗುಹಾಕಿ. ದೊಡ್ಡದಾದರೆ ಗಟ್ಟಿ ನೆಲದ ಮೇಲೆ ನೇರ ನಿಲ್ಲಿಸಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಥವಾ ಮರದ ಸಣ್ಣ ಸುತ್ತಿಗೆಯಿಂದ ನಡುಗೆರೆಯ ಎರಡೂ ಬದಿ 45 ಡಿಗ್ರಿಯಲ್ಲಿ, ಅಂಚಿನಿಂದ 25ರಿಂದ 50 ಮಿ.ಮೀ. ಒಳಗೆ ಮೆತ್ತಗೆ ತಟ್ಟಿ. ವೀಲನ್ನು ಸ್ವಲ್ಪ ತಿರುಗಿಸಿ ಮತ್ತೆ ತಟ್ಟಿ. ಸ್ಪಷ್ಟವಾಗಿ ನಾದ ಬಂದರೆ ಸರಿ, "ಡಬ್" ಅಂದರೆ ಬಿರುಕು. ಒದ್ದೆ ವೀಲ್ ಕೂಡ ಮಂಕಾಗಿಯೇ ಕೇಳಿಸುತ್ತದೆ, ಅದಕ್ಕೇ ಒಣಗಿಸಬೇಕು. ಈ ಪರೀಕ್ಷೆ ವಿಟ್ರಿಫೈಡ್, ಅಂದರೆ ಕಣಗಳನ್ನು ಪಿಂಗಾಣಿಯಂಥ ಬಾಂಡ್ (ಅಂಟು) ಹಿಡಿದಿಟ್ಟ ವೀಲಿಗೆ ಚೆನ್ನಾಗಿ ಒಪ್ಪುತ್ತದೆ. ರೆಸಿನ್ (ರಾಳದ) ಬಾಂಡಿನ ವೀಲ್ ಅಷ್ಟು ನಾದ ಕೊಡುವುದಿಲ್ಲ. ಅದನ್ನು ಕಣ್ಣಿನಿಂದ, ಬೆಳಕಿಗೆ ಹಿಡಿದು ನೋಡಬೇಕು.

ಬಿರುಕು ಕಂಡ ವೀಲನ್ನು ಮೂಲೆಯಲ್ಲಿ ಇಡಬೇಡಿ. ಮಾರನೇ ದಿನ ಇನ್ನೊಬ್ಬ ಹುಡುಗ ಅದನ್ನೇ ತೆಗೆದು ಹಾಕಿಬಿಡುತ್ತಾನೆ. ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿ.

ಲೇಬಲ್ ಒಮ್ಮೆ ಓದಿ

ವೀಲಿನ ಬದಿಯ ದುಂಡು ಕಾಗದದ ಮೇಲೆ "ಎ 60 ಕೆ 5 ವಿ" ಎಂಬಂಥ ಸಾಲು ಇರುತ್ತದೆ. ಮೊದಲ ಅಕ್ಷರ ಕಣದ ಜಾತಿ: ಎ ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಸಿ ಅಂದರೆ ಸಿಲಿಕಾನ್ ಕಾರ್ಬೈಡ್. ಅದರ ಹಿಂದೆಮುಂದೆ ಬರುವ ಇನ್ನಷ್ಟು ಅಕ್ಷರ, ಅಂಕಿಗಳು ಬಿಳಿ, ಕಂದು, ಹಸಿರು ಎಂಬ ಬಗೆಗಳಿಗೆ ಕಂಪನಿಯವರು ಇಟ್ಟ ಗುರುತು. 60 ಎಂಬುದು ಕಣದ ಗಾತ್ರ, ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. ಕೆ ಎಂಬುದು ಗ್ರೇಡ್, ಎ ಬಹಳ ಮೆದು, ಝಡ್ ಬಹಳ ಗಟ್ಟಿ. 5 ಎಂಬುದು ರಚನೆ, ಸಂಖ್ಯೆ ಏರಿದಷ್ಟೂ ಕಣಗಳ ನಡುವೆ ಜಾಗ ಹೆಚ್ಚು. ಕೊನೆಯ ವಿ ವಿಟ್ರಿಫೈಡ್ ಬಾಂಡ್. ಬಿ ಇದ್ದರೆ ರೆಸಿನ್, ಬಿಎಫ್ ಇದ್ದರೆ ಒಳಗೆ ನಾರಿನ ಜಾಲರಿ ಇರುವ ರೆಸಿನ್.

ಗೊಂದಲ ಹುಟ್ಟುವುದು ಗ್ರೇಡ್ ವಿಷಯದಲ್ಲಿ. ಗ್ರೇಡ್ ಹೇಳುವುದು ಕಣದ ಗಟ್ಟಿತನವನ್ನಲ್ಲ, ಬಾಂಡ್ ಆ ಕಣವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು. ಗಟ್ಟಿ ಉಕ್ಕು ಉಜ್ಜುವಾಗ ಕಣ ಬೇಗ ಮೊಂಡಾಗುತ್ತದೆ. ಮೊಂಡಾದ ಕಣ ಉದುರಿ ಹೊಸದು ಮೇಲೆ ಬರಬೇಕಾದರೆ ಬಾಂಡ್ ಸಡಿಲವಿರಬೇಕು. ಆದ್ದರಿಂದ ಗಟ್ಟಿ ಲೋಹಕ್ಕೆ ಮೆದು ವೀಲ್, ಮೆದು ಲೋಹಕ್ಕೆ ಗಟ್ಟಿ ವೀಲ್. ಅಂಗಡಿಯಲ್ಲಿ "ಹಾರ್ಡನ್ ಆಗಿರೋ ಜಾಬು, ಗಟ್ಟಿ ವೀಲ್ ಕೊಡಿ" ಎಂದು ಕೇಳಿ ತಂದರೆ ಮುಂದಿನ ವಿಭಾಗದ ಕಲೆಗಳನ್ನು ದುಡ್ಡು ಕೊಟ್ಟು ತಂದ ಹಾಗೆ. ವೀಲ್ ಮತ್ತು ಜಾಬ್ ತಾಗುವ ಜಾಗ ಅಗಲವಾಗಿದ್ದರೂ ಇದೇ ಲೆಕ್ಕ. ಹೆಡ್‌ನಂಥ ಚಪ್ಪಟೆ ಮೈಗೆ ಇನ್ನೂ ಮೆದು, ಇನ್ನೂ ದಪ್ಪ ಕಣದ ವೀಲ್ ಬೇಕು.

ಲಕ್ಷಣ: ಜಾಬ್ ಮೇಲೆ ಹಳದಿ, ಕಂದು, ನೀಲಿ ಕಲೆ

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉಕ್ಕಿನ ಮೇಲಿನ ಬಣ್ಣ ಅಲ್ಲಿ ಮುಟ್ಟಿದ ಬಿಸಿಯ ಅಳತೆ: ಸಾಮಾನ್ಯ ಕಾರ್ಬನ್ ಉಕ್ಕಿನಲ್ಲಿ ತಿಳಿ ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿ ಸೆಲ್ಸಿಯಸ್, ಕಂದು 255ರ ಸುತ್ತ, ನೇರಳೆ 280, ನೀಲಿ 300. ಅಷ್ಟು ಬಿಸಿಗೆ ಹಾರ್ಡನ್ ಮಾಡಿದ ಜರ್ನಲ್ ಮೈ ಮೆದುವಾಗುತ್ತದೆ. ಬಿಸಿ ಇನ್ನೂ ಬಹಳ ಮೇಲಕ್ಕೆ ಹೋಗಿ ಕೂಲೆಂಟ್ ತಟ್ಟನೆ ತಣಿಸಿದರೆ ಅದೇ ಜಾಗ ಮತ್ತೆ ಹಾರ್ಡನ್ ಆಗಿ ಗಾಜಿನಂತೆ ಬಿರುಸಾಗುತ್ತದೆ, ಸೂಕ್ಷ್ಮ ಬಿರುಕು ಹುಟ್ಟುವುದು ಅಲ್ಲಿಂದ.

ಕೊನೆಯ ಒಂದೆರಡು ಪಾಸಿನಲ್ಲಿ ಕಲೆ ಹೋಯಿತು ಎಂದರೆ ಬಣ್ಣ ಹೋಯಿತು ಅಷ್ಟೇ. ಬಣ್ಣದ ಪದರ ತೀರಾ ತೆಳು, ಅದರ ಕೆಳಗಿನ ಹಾನಿ ಅದಕ್ಕಿಂತ ಆಳ. ಪಾಲಿಶ್ ಪಟ್ಟಿ ಹಾಕಿ ಹೊಳಪು ತಂದು ಗ್ರಾಹಕನಿಗೆ ಕೊಟ್ಟ ಕ್ರ್ಯಾಂಕ್ ಹೊಲದ ಮಧ್ಯೆ ಟ್ರ್ಯಾಕ್ಟರಿನೊಳಗೆ ತುಂಡಾದಾಗ ಕಾರಣ ಹುಡುಕುವುದು ಕಷ್ಟ.

ಮೊದಲು ಕೂಲೆಂಟ್ ನೋಡಿ. ನಳಿಕೆ ಎಲ್ಲೋ ಮೇಲೆ ನೀರು ಸುರಿಯುತ್ತಿದ್ದರೆ ಪ್ರಯೋಜನವಿಲ್ಲ. ತಿರುಗುವ ವೀಲಿನ ಸುತ್ತ ಗಾಳಿಯ ಪದರವೂ ತಿರುಗುತ್ತಿರುತ್ತದೆ, ಅದು ನೀರನ್ನು ಆಚೆ ಎಸೆಯುತ್ತದೆ. ನಳಿಕೆ ವೀಲಿನಷ್ಟೇ ಅಗಲವಿರಬೇಕು, ಸಂಪರ್ಕದ ಜಾಗಕ್ಕೆ ಆದಷ್ಟು ಹತ್ತಿರವಿರಬೇಕು, ಧಾರೆ ಜೋರಾಗಿರಬೇಕು. ಬೆರಳು ಹಾಕಿ ನೋಡುವ ಅಭ್ಯಾಸ ಬೇಡ, ಯಂತ್ರ ನಿಲ್ಲಿಸಿ ಹೊಂದಿಸಿ. ಸಾಲ್ಯುಬಲ್ ಆಯಿಲ್ ಪ್ರಮಾಣ ಗ್ರೈಂಡಿಂಗಿಗೆ ಸಾಮಾನ್ಯವಾಗಿ 1ಕ್ಕೆ 40ರಿಂದ 50 ಪಾಲು ನೀರು. ಆದರೆ ಡ್ರಮ್ ಮೇಲೆ ಬರೆದದ್ದೇ ಅಂತಿಮ. ನೀರಿಗೆ ಎಣ್ಣೆ ಹಾಕಿ ಕಲಸಿ, ಎಣ್ಣೆಗೆ ನೀರು ಹಾಕಬೇಡಿ, ಒಡೆದ ಹಾಲಿನಂತಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಲ್ಲೂ ಎಣ್ಣೆ ಬೇರೆಯಾಗಿ ಮೇಲೆ ಜಿಡ್ಡು ಕಟ್ಟುತ್ತದೆ. ಸೋಮವಾರ ಬೆಳಿಗ್ಗೆ ಶೆಟರ್ ಎತ್ತಿದ ತಕ್ಷಣ ಕೊಳೆತ ಮೊಟ್ಟೆ ವಾಸನೆ ಬಂದರೆ ಟ್ಯಾಂಕ್ ಖಾಲಿ ಮಾಡಿ ತೊಳೆಯುವ ದಿನ ಬಂದಿದೆ ಎಂದರ್ಥ.

ಕೂಲೆಂಟ್ ಸರಿಯಿದ್ದರೆ ವೀಲಿನ ಮುಖವನ್ನು ಟಾರ್ಚ್ ಬೆಳಕಲ್ಲಿ ನೋಡಿ. ಹೊಳೆಯುತ್ತಿದ್ದರೆ ಡ್ರೆಸ್ ಮಾಡಿ, ಅದೂ ಸ್ವಲ್ಪ ಬೇಗ ಡೈಮಂಡ್ ಓಡಿಸಿ. ಡೈಮಂಡ್ ನಿಧಾನವಾಗಿ ಎಳೆದರೆ ವೀಲಿನ ಮುಖ ನುಣುಪಾಗಿ ಮುಚ್ಚಿಕೊಳ್ಳುತ್ತದೆ, ಬೇಗ ಎಳೆದರೆ ತೆರೆದುಕೊಂಡು ಚುರುಕಾಗಿ ಕತ್ತರಿಸುತ್ತದೆ. ಪ್ರತಿ ಪಾಸಿಗೆ 0.02ರಿಂದ 0.03 ಮಿ.ಮೀ. ಸಾಕು. ಡೈಮಂಡ್ ವೀಲ್ ತಿರುಗುವ ದಿಕ್ಕಿಗೆ 10ರಿಂದ 15 ಡಿಗ್ರಿ ವಾಲಿರಬೇಕು. ಆಗಾಗ ಅದನ್ನು ಹಿಡಿಯಲ್ಲೇ ಸ್ವಲ್ಪ ತಿರುಗಿಸಿ ಹೊಸ ಮೂಲೆ ಕೊಡಿ. ತುದಿ ಚಪ್ಪಟೆಯಾದ ಡೈಮಂಡಿನಿಂದ ಮಾಡಿದ ಡ್ರೆಸ್ಸಿಂಗ್ ವೀಲನ್ನು ಇನ್ನಷ್ಟು ಮೊಂಡು ಮಾಡುತ್ತದೆ. ಕೂಲೆಂಟ್ ಹಾಕುವುದಾದರೆ ಮೊದಲಿಂದ ಕೊನೆಯವರೆಗೂ ಹಾಕಿ. ಕಾದ ಡೈಮಂಡ್ ಮೇಲೆ ಮಧ್ಯೆ ನೀರು ಬಿಟ್ಟರೆ ಅದು ಸೀಳುತ್ತದೆ.

ಆಮೇಲೂ ಸುಟ್ಟರೆ ಪ್ರತಿ ಸಲದ ಫೀಡ್ (ವೀಲನ್ನು ಜಾಬಿನೊಳಕ್ಕೆ ಒತ್ತುವ ಅಳತೆ) ಕಡಿಮೆ ಮಾಡಿ, ಜಾಬಿನ ತಿರುಗುವ ವೇಗ ಸ್ವಲ್ಪ ಏರಿಸಿ. ಜಾಬ್ ನಿಧಾನವಾಗಿ ತಿರುಗಿದರೆ ಒಂದೇ ಜಾಗ ಹೆಚ್ಚು ಹೊತ್ತು ಬಿಸಿ ತಿನ್ನುತ್ತದೆ. ಇಷ್ಟೆಲ್ಲ ಆದಮೇಲೂ ಕಲೆ ಬಂದರೆ ಮಾತ್ರ ಒಂದು ಗ್ರೇಡ್ ಮೆದು ವೀಲ್ ಕೇಳಿ. ಎಲ್ ಇದ್ದರೆ ಕೆ, ಕೆ ಇದ್ದರೆ ಜೆ. ಒಮ್ಮೆಗೇ ಮೂರು ಗ್ರೇಡ್ ಹಾರಬೇಡಿ.

ನೀಲಿ ಆಗಲೇ ಬಂದುಬಿಟ್ಟ ಕ್ರ್ಯಾಂಕ್ ಏನು ಮಾಡಬೇಕು? ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸಿ, ಮುಖ್ಯವಾಗಿ ಆಯಿಲ್ ಹೋಲ್ ಬಾಯಿ ಮತ್ತು ಜರ್ನಲ್ ಮೂಲೆಗಳಲ್ಲಿ. ಗ್ರೈಂಡಿಂಗ್ ಬಿರುಕು ಸಾಮಾನ್ಯವಾಗಿ ಗ್ರೈಂಡ್ ಮಾಡಿದ ದಿಕ್ಕಿಗೆ ಅಡ್ಡವಾಗಿ ಅಥವಾ ಬಲೆಯಂತೆ ಹರಡಿರುತ್ತದೆ. ಸುಟ್ಟ ಆಳ ತಿಳಿಯಲು ನೈಟಾಲ್ ಎಂಬ ನೈಟ್ರಿಕ್ ಆಸಿಡ್–ಆಲ್ಕೊಹಾಲ್ ದ್ರಾವಣ ಹಚ್ಚಿ ನೋಡುತ್ತಾರೆ. ಮೆದುವಾದ ಜಾಗ ಕಪ್ಪಗೆ, ಮತ್ತೆ ಹಾರ್ಡನ್ ಆದ ಜಾಗ ಬಿಳಿಯಾಗಿ ಕಾಣುತ್ತದೆ. ಇದನ್ನು ಶಾಪಿನಲ್ಲಿ ಅಂದಾಜಿಗೆ ಕಲಸುವ ಸಾಹಸ ಬೇಡ, ಅನುಪಾತ ತಪ್ಪಿದರೆ ಸ್ಫೋಟದ ಅಪಾಯವಿದೆ. ಹೀಟ್ ಟ್ರೀಟ್‌ಮೆಂಟ್ ಅಥವಾ ಟೆಸ್ಟಿಂಗ್ ಲ್ಯಾಬಿಗೆ ಕೊಡಿ. ಬಿರುಕು ಕಂಡರೆ ಆ ಕ್ರ್ಯಾಂಕ್ ಗುಜರಿಗೆ, ಗ್ರಾಹಕ ಎಷ್ಟೇ ಬೇಡಿದರೂ.

ಲಕ್ಷಣ: ಕಿಡಿ ಕಡಿಮೆ, ಸದ್ದು ಕಿರುಚು, ಲೋಹ ಮಾತ್ರ ಇಳಿಯುತ್ತಿಲ್ಲ

ವೀಲ್ ನಿಲ್ಲಿಸಿ ಮುಖ ನೋಡಿದರೆ ಎರಡರಲ್ಲಿ ಒಂದು ಕಾಣುತ್ತದೆ, ಎರಡಕ್ಕೂ ಮದ್ದು ಬೇರೆ.

ಮುಖ ಗಾಜಿನಂತೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಗ್ಲೇಜ್. ಕಣ ಮೊಂಡಾಗಿದೆ, ಬಾಂಡ್ ಅದನ್ನು ಬಿಡುತ್ತಿಲ್ಲ. ಡ್ರೆಸ್ ಮಾಡಿ. ಅರ್ಧ ಗಂಟೆಯೊಳಗೆ ಮತ್ತೆ ಹೊಳಪು ಬಂದರೆ ಗ್ರೇಡ್ ಗಟ್ಟಿಯಾಯಿತು, ಇಲ್ಲವೇ ಕಣ ತೀರಾ ಸಣ್ಣದಾಯಿತು.

ಮುಖದ ಸಂದುಗಳಲ್ಲಿ ಬೆಳ್ಳಗೆ, ಹಳದಿಯಾಗಿ ಲೋಹದ ಚುಕ್ಕೆ ಕೂತಿದ್ದರೆ ಅದು ಲೋಡಿಂಗ್. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ, ಮೆದು ಉಕ್ಕಿನಲ್ಲಿ ಇದು ಮಾಮೂಲು. ಇದಕ್ಕೆ ದಪ್ಪ ಕಣ, ತೆರೆದ ರಚನೆ, ಜಾಸ್ತಿ ಕೂಲೆಂಟ್ ಬೇಕು. ಕಣದ ಜಾತಿಯನ್ನೂ ನೋಡಿಕೊಳ್ಳಿ: ಬೂದು ಬೀಡು ಕಬ್ಬಿಣ (ಗ್ರೇ ಕಾಸ್ಟ್ ಐರನ್), ಹಿತ್ತಾಳೆ, ಅಲ್ಯುಮಿನಿಯಂಗೆ ಸಿಲಿಕಾನ್ ಕಾರ್ಬೈಡ್, ಉಕ್ಕಿಗೆ ಅಲ್ಯುಮಿನಿಯಂ ಆಕ್ಸೈಡ್. ಸಿಲಿಕಾನ್ ಕಾರ್ಬೈಡ್ ಹೆಚ್ಚು ಗಟ್ಟಿ, ನೂಪ್ ಎಂಬ ಗಟ್ಟಿತನದ ಅಳತೆಯಲ್ಲಿ ಸುಮಾರು 2500, ಇನ್ನೊಂದು 2100. ಹಾಗಾದರೆ ಉಕ್ಕಿಗೂ ಅದೇ ಒಳ್ಳೆಯದಲ್ಲವೇ ಎಂದು ಹುಡುಗರು ಕೇಳುವುದುಂಟು. ಇಲ್ಲ. ಗ್ರೈಂಡಿಂಗಿನ ಬಿಸಿಯಲ್ಲಿ ಅದರೊಳಗಿನ ಕಾರ್ಬನ್ ಕಬ್ಬಿಣದೊಂದಿಗೆ ಬೆರೆತು ಕಣವೇ ಸವೆದು ಮೊಂಡಾಗುತ್ತದೆ. ನಾಡ್ಯುಲರ್ ಬೀಡಿನ (ಒಳಗಿನ ಗ್ರಾಫೈಟ್ ಗುಂಡು ಗುಂಡಾಗಿರುವ ಬೀಡು ಕಬ್ಬಿಣದ) ಕ್ರ್ಯಾಂಕ್ ಬೀಡೇ ಆದರೂ ಗ್ರೈಂಡಿಂಗಿನಲ್ಲಿ ಉಕ್ಕಿನಂತೆಯೇ ನಡೆದುಕೊಳ್ಳುತ್ತದೆ, ಅದಕ್ಕೆ ಅಲ್ಯುಮಿನಿಯಂ ಆಕ್ಸೈಡ್ ವೀಲೇ ಸರಿ. ಹೈಸ್ಪೀಡ್ ಸ್ಟೀಲ್ ಟೂಲಿಗೆ ಬಿಳಿ ವೀಲ್, ಟಂಗ್‌ಸ್ಟನ್ ಕಾರ್ಬೈಡ್ ಟೂಲಿಗೆ ಹಸಿರು ವೀಲ್ ಅಥವಾ ಡೈಮಂಡ್ ವೀಲ್. ಆ ಟೂಲಿನ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಮಾಸ್ಕ್ ಮತ್ತು ಧೂಳು ಎಳೆಯುವ ಫ್ಯಾನ್ ಇಲ್ಲದೆ ಆ ಕೆಲಸ ಬೇಡ.

ಲಕ್ಷಣ: ವೀಲ್ ಬೆಣ್ಣೆಯಂತೆ ಕರಗುತ್ತಿದೆ, ಸೈಜ್ ನಿಲ್ಲುತ್ತಿಲ್ಲ

ವೀಲ್ ಮೆದುವಾಗಿದೆ ಎಂದು ತೀರ್ಮಾನಿಸುವ ಮೊದಲು ಬೆಲ್ಟ್ ಒತ್ತಿ ನೋಡಿ. ಲೋಡ್ ಬಿದ್ದಾಗ ಬೆಲ್ಟ್ ಜಾರಿದರೆ ವೀಲ್ ನಿಧಾನವಾಗುತ್ತದೆ, ನಿಧಾನವಾದ ವೀಲ್ ಮೆದು ವೀಲಿನಂತೆ ವರ್ತಿಸುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ಮಾತ್ರ ಈ ತೊಂದರೆ ಬರುತ್ತಿದ್ದರೆ ಬೆಲ್ಟಿಗಿಂತ ವೋಲ್ಟೇಜ್ ಮೇಲೆ ಅನುಮಾನಪಡಿ, ಲೋಡ್ ಬಿದ್ದಾಗ ಮೋಟಾರೇ ನಿಧಾನವಾಗುತ್ತದೆ.

ಎರಡನೆಯದು ವ್ಯಾಸ. ಕ್ರ್ಯಾಂಕ್ ಗ್ರೈಂಡರಿನ 710 ಮಿ.ಮೀ. ವೀಲ್ 890 ಆರ್‌ಪಿಎಂನಲ್ಲಿ ಸೆಕೆಂಡಿಗೆ 33 ಮೀಟರ್ ಕೊಡುತ್ತದೆ. ಅದೇ ವೀಲ್ ಸವೆದು 500 ಮಿ.ಮೀ. ಆದಾಗ, ಆರ್‌ಪಿಎಂ ಅಷ್ಟೇ ಇದ್ದರೆ, ವೇಗ 23 ಮೀಟರಿಗೆ ಬಿದ್ದಿರುತ್ತದೆ. ಹೊಸದಿದ್ದಾಗ ಚೆನ್ನಾಗಿದ್ದ ವೀಲ್ ಕೊನೆಕೊನೆಗೆ ಉದುರುವುದಕ್ಕೆ ಕಾರಣ ಇದೇ, ಕಂಪನಿಯ ಮೋಸವಲ್ಲ. ಯಂತ್ರದಲ್ಲಿ ಎರಡನೇ ಪುಲ್ಲಿ ಹಂತ ಇದ್ದರೆ ಅದು ಇಂಥ ಹೊತ್ತಿಗೆ. ಆದರೆ ಹೊಸ ವೀಲ್ ಹಾಕುವಾಗ ಬೆಲ್ಟನ್ನು ಮರೆಯದೆ ಹಳೆಯ ಹಂತಕ್ಕೆ ತರಬೇಕು. ಸಣ್ಣ ವೀಲಿನ ವೇಗದಲ್ಲಿ ದೊಡ್ಡ ವೀಲ್ ತಿರುಗಿದರೆ ಸಿಡಿಯುತ್ತದೆ. ಆ ಪುಲ್ಲಿ ಗಾರ್ಡ್ ಮೇಲೆ ಪೇಂಟಿನಲ್ಲಿ ಯಾವ ವ್ಯಾಸಕ್ಕೆ ಯಾವ ಹಂತ ಎಂದು ಬರೆದಿಡಿ.

ಇವೆರಡೂ ಸರಿಯಿದ್ದರೆ ಜಾಬಿನ ವೇಗ ಮತ್ತು ಫೀಡ್ ಇಳಿಸಿ ನೋಡಿ, ನಂತರ ಒಂದು ಗ್ರೇಡ್ ಗಟ್ಟಿ ವೀಲ್.

ಲಕ್ಷಣ: ಜರ್ನಲ್ ಮೇಲೆ ಅಲೆ ಅಲೆಯಾಗಿ ಗೆರೆ

ಚ್ಯಾಟರ್, ಅಂದರೆ ನಡುಕದಿಂದ ಮೂಡುವ ಈ ಗೆರೆ ಬಂದಾಗ ಊಹೆ ಬೇಡ, ಎಣಿಸಿ. ಜರ್ನಲ್ ಸುತ್ತ ಮಾರ್ಕರ್ ಪೆನ್ ಅಥವಾ ಗುರುತು ಹಾಕುವ ನೀಲಿ ಬಣ್ಣ ಹಚ್ಚಿ. ನುಣುಪು ಆಯಿಲ್ ಸ್ಟೋನ್ ಚಪ್ಪಟೆಯಾಗಿಟ್ಟು ಮೆತ್ತಗೆ ಒಂದು ಸುತ್ತು ಉಜ್ಜಿ. ಎತ್ತರದ ಜಾಗ ಬೆಳ್ಳಗಾಗುತ್ತದೆ, ತಗ್ಗಿನಲ್ಲಿ ಬಣ್ಣ ಉಳಿಯುತ್ತದೆ. ಸುತ್ತಲೂ ಎಷ್ಟು ಬಿಳಿ ಪಟ್ಟಿ ಇವೆಯೋ ಅದನ್ನು ಜಾಬಿನ ಆರ್‌ಪಿಎಂನಿಂದ ಗುಣಿಸಿ. ಬರುವ ಸಂಖ್ಯೆ ನಿಮಿಷಕ್ಕೆ ಎಷ್ಟು ಸಲ ನಡುಕ ಎಂಬುದು.

ಜಾಬ್ 60 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನಿ. 15 ಪಟ್ಟಿ ಇದ್ದರೆ 900, ಅಂದರೆ 890ರಲ್ಲಿ ತಿರುಗುವ ವೀಲೇ ಕಾರಣ: ಬ್ಯಾಲೆನ್ಸ್ ತಪ್ಪಿದೆ ಅಥವಾ ದುಂಡಗಿಲ್ಲ. 24 ಪಟ್ಟಿ ಇದ್ದರೆ 1440, ಅದು ನಾಲ್ಕು ಪೋಲಿನ ಮೋಟಾರಿನ ವೇಗ. ಮೋಟಾರ್ ಬೇರಿಂಗ್, ಪುಲ್ಲಿ, ಮೋಟಾರ್ ಕೂತ ಬೋಲ್ಟ್ ನೋಡಿ. ಹೈಡ್ರಾಲಿಕ್ ಪಂಪ್ ಮೋಟಾರ್ ಕೂಡ ಅದೇ ವೇಗದ್ದಾಗಿರಬಹುದು. ಡಯಲ್ ಗೇಜನ್ನು ವೀಲ್‌ಹೆಡ್‌ಗೆ (ವೀಲಿನ ಸ್ಪಿಂಡಲ್ ಕೂತ ಭಾಗಕ್ಕೆ) ತಾಗಿಸಿಟ್ಟು ಒಂದೊಂದೇ ಮೋಟಾರ್ ಆಫ್ ಮಾಡುತ್ತಾ ಬಂದರೆ ಯಾವುದು ಆಫ್ ಆದಾಗ ಮುಳ್ಳು ಸುಮ್ಮನಾಗುತ್ತದೋ ಅದೇ ಕಳ್ಳ. ಪಟ್ಟಿಗಳು ಎಣಿಸಲಾಗದಷ್ಟು ಒತ್ತಾಗಿದ್ದರೆ ಸಾಮಾನ್ಯವಾಗಿ ವೀಲ್ ಗಟ್ಟಿಯಾಗಿದೆ, ಮೊಂಡಾಗಿದೆ, ಇಲ್ಲವೇ ಜಾಬಿಗೆ ಆಸರೆ ಸಾಲದು. ಉದ್ದ ಕ್ರ್ಯಾಂಕಿಗೆ ಸ್ಟೆಡಿ (ನಡುವೆ ಕೊಡುವ ಆಸರೆ) ಸರಿಯಾಗಿ ತಾಗಿದೆಯೇ, ಚಕ್ ಹಿಡಿತ ಬಿಗಿಯಿದೆಯೇ ನೋಡಿ.

ಬ್ಯಾಲೆನ್ಸ್ ತಪ್ಪಲು ನಮ್ಮ ಶಾಪುಗಳಲ್ಲಿ ಕಾಣುವ ಒಂದು ದೊಡ್ಡ ಕಾರಣ ಸಂಜೆ ಯಂತ್ರ ನಿಲ್ಲಿಸುವ ರೀತಿ. ವೀಲ್ ನಿಂತ ಮೇಲೂ ಕೂಲೆಂಟ್ ಸುರಿಯುತ್ತಿದ್ದರೆ ನೀರು ಹೀರಿಕೊಂಡು ಕೆಳಭಾಗಕ್ಕೆ ಇಳಿದು ನಿಲ್ಲುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಬದಿ ಭಾರ. ಕೂಲೆಂಟ್ ಮೊದಲು ನಿಲ್ಲಿಸಿ, ವೀಲ್ ಕೆಲವು ನಿಮಿಷ ಬರಿದೇ ತಿರುಗಿ ನೀರು ಚಿಮ್ಮಿಹೋಗಲಿ, ಆಮೇಲೆ ಆಫ್ ಮಾಡಿ. ಖರ್ಚಿಲ್ಲದ ಅಭ್ಯಾಸ, ವೀಲ್ ಒಡೆಯುವುದನ್ನೂ ತಪ್ಪಿಸುತ್ತದೆ.

ಹೊಸ ದೊಡ್ಡ ವೀಲಿಗೆ ಕ್ರಮ ಹೀಗೆ: ಅಡಾಪ್ಟರಿಗೆ ಹಾಕಿ ಸ್ಟ್ಯಾಂಡ್ ಮೇಲೆ ಬ್ಯಾಲೆನ್ಸ್, ಯಂತ್ರಕ್ಕೆ ಹಾಕಿ ಡ್ರೆಸ್, ಬಿಚ್ಚಿ ಮತ್ತೊಮ್ಮೆ ಬ್ಯಾಲೆನ್ಸ್, ಹಾಕಿ ಮತ್ತೆ ಹಗುರ ಡ್ರೆಸ್. ಎರಡನೇ ಸಲದ ಬ್ಯಾಲೆನ್ಸ್ ಬಿಟ್ಟುಬಿಡುವವರೇ ಹೆಚ್ಚು. ವೀಲ್ ಮತ್ತು ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಫ್ಲೇಂಜ್‌ಗಳ ನಡುವೆ ಕಾಗದದ ಬ್ಲಾಟರ್ ಇರಲೇಬೇಕು, ಎರಡೂ ಫ್ಲೇಂಜ್ ಒಂದೇ ವ್ಯಾಸದ್ದಾಗಿರಬೇಕು. ರಂಧ್ರ ಬಿಗಿಯಾದರೆ ಗುದ್ದಿ ಕೂರಿಸಬೇಡಿ. ಮೊದಲ ಸಲ ಗಾರ್ಡ್ ಮುಚ್ಚಿ, ಪಕ್ಕಕ್ಕೆ ನಿಂತು, ಒಂದು ನಿಮಿಷವಾದರೂ ಬರಿದೇ ಓಡಿಸಿ.

ಲಕ್ಷಣ: ನುಣುಪು ಮೈ ಮೇಲೆ ಅಲ್ಲಲ್ಲಿ ಗೀರು, ಮೀನಿನ ಬಾಲದಂಥ ಗುರುತು

ಇದಕ್ಕೆ ವೀಲ್ ಬದಲಿಸಿದವರು ದುಡ್ಡು ಕಳೆದುಕೊಂಡರು. ಉದುರಿದ ಕಣಗಳು ಕೂಲೆಂಟ್ ಜತೆ ಸುತ್ತಿ ಬಂದು ವೀಲ್ ಮತ್ತು ಜಾಬ್ ನಡುವೆ ಸಿಕ್ಕಿಕೊಳ್ಳುತ್ತಿವೆ. ಟ್ಯಾಂಕ್ ಕೆಸರು ತೆಗೆಯಿರಿ, ಜಾಲರಿ ತೊಳೆಯಿರಿ, ಗಾರ್ಡ್ ಒಳಗೆ ಅಂಟಿದ ಗಸಿ ಕೆರೆದು ತೆಗೆಯಿರಿ. ಡ್ರೆಸ್ ಆದಮೇಲೆ ವೀಲಿಗೆ ನೀರು ಬಿಟ್ಟು ಸಡಿಲ ಕಣ ತೊಳೆದುಹೋಗಲು ಬಿಡಿ. ಸ್ಕ್ರೂವಿನಂತೆ ಸುತ್ತಿದ ಗೆರೆ ಬಂದರೆ ಮಾತ್ರ ಕಾರಣ ಬೇರೆ: ಡೈಮಂಡ್ ತೀರಾ ಚೂಪಾಗಿದೆ ಅಥವಾ ವೀಲಿನ ಅಂಚು ಜಾಬಿಗೆ ಕಚ್ಚುತ್ತಿದೆ.

ಲಕ್ಷಣ: ಅಳತೆ ಸರಿ, ಆದರೆ ಕ್ರ್ಯಾಂಕ್ ಮೂಲೆಯಲ್ಲಿ ಮುರಿಯುತ್ತಿದೆ, ಬೇರಿಂಗ್ ಬೇಗ ಹೋಗುತ್ತಿದೆ

ಜರ್ನಲ್ 0.25, 0.50, 0.75 ಮಿ.ಮೀ. ಅಂಡರ್‌ಸೈಜಿಗೆ (ಮೂಲ ಅಳತೆಗಿಂತ ಅಷ್ಟು ಕಡಿಮೆಗೆ) ಬಂತೇ ಎಂದು ಮೈಕ್ರೋಮೀಟರ್ ಹಿಡಿದು ನೋಡುತ್ತೇವೆ, ಮೂಲೆಯ ರೇಡಿಯಸ್ ನೋಡುವವರು ಕಡಿಮೆ. ವೀಲಿನ ಅಂಚನ್ನು ರೇಡಿಯಸ್ ಡ್ರೆಸ್ಸರಿನಿಂದ ಸರಿಯಾಗಿ ದುಂಡು ಮಾಡದೆ ಗ್ರೈಂಡ್ ಮಾಡಿದರೆ ಮೂಲೆಯಲ್ಲಿ ಸಣ್ಣ ಮೆಟ್ಟಿಲು ಉಳಿಯುತ್ತದೆ, ಒತ್ತಡ ಸೇರುವುದು ಅಲ್ಲೇ, ಮುರಿಯುವುದೂ ಅಲ್ಲೇ. ರೇಡಿಯಸ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಉಗುರು ಓಡಿಸಿದರೆ ಎಲ್ಲೂ ತಡೆಯಬಾರದು. ರೇಡಿಯಸ್ ಬೇಕಾದ್ದಕ್ಕಿಂತ ದೊಡ್ಡದಾದರೂ ಕಷ್ಟ, ಬೇರಿಂಗ್ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ.

ಬೇರಿಂಗ್ ಬೇಗ ಹೋಗುವುದಕ್ಕೆ ನಾಡ್ಯುಲರ್ ಕ್ರ್ಯಾಂಕಿನಲ್ಲಿ ಇನ್ನೊಂದು ಕಾರಣವಿದೆ. ಗ್ರಾಫೈಟ್ ಗುಳಿಗಳ ಬಾಯಲ್ಲಿ ಕಣ್ಣಿಗೆ ಕಾಣದ ಮುಳ್ಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆದ್ದರಿಂದ ಗ್ರೈಂಡಿಂಗ್ ಎಂಜಿನ್‌ನಲ್ಲಿ ಕ್ರ್ಯಾಂಕ್ ತಿರುಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ, ಕೊನೆಯ ಪಾಲಿಶ್ ತಿರುಗುವ ದಿಕ್ಕಿನಲ್ಲೇ ಆಗಬೇಕು. ಪಾಲಿಶ್ ಉಲ್ಟಾ ಆದರೆ ಆ ಮುಳ್ಳುಗಳು ಬೇರಿಂಗನ್ನು ಅರದಂತೆ ಉಜ್ಜುತ್ತವೆ.

ಕ್ರ್ಯಾಂಕ್ ನೈಟ್ರೈಡ್ ಆಗಿದೆ (ಮೈಗೆ ಸಾರಜನಕ ಸೇರಿಸಿ ಗಟ್ಟಿ ಮಾಡಲಾಗಿದೆ) ಎಂದು ತಯಾರಕರ ಪುಸ್ತಕದಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ. ಆ ಪದರ ಬಹಳ ತೆಳು. ಗ್ರೈಂಡ್ ಆದಮೇಲೆ ಮತ್ತೆ ನೈಟ್ರೈಡ್ ಮಾಡಿಸಲು ವ್ಯವಸ್ಥೆ ಇದ್ದರಷ್ಟೇ ಕೈ ಹಾಕಿ.

ಲಕ್ಷಣ: ವಾಲ್ವ್ ಲೀಕ್, ಸೀಟ್ ಒಂದೇ ಕಡೆ ತಾಗುತ್ತಿದೆ

ಸೀಟ್ ಉಜ್ಜುವ ಕಲ್ಲಿಗಿಂತ ಮೊದಲು ಗೈಡ್ (ವಾಲ್ವ್ ಕಾಂಡ ಓಡಾಡುವ ಕೊಳವೆ) ನೋಡಿ. ಗೈಡ್ ಸವೆದಿದ್ದರೆ ಅದರೊಳಗೆ ಕೂತು ಕಲ್ಲಿಗೆ ಆಧಾರ ಕೊಡುವ ಪೈಲಟ್ ಅಲ್ಲಾಡುತ್ತದೆ, ಎಷ್ಟು ಒಳ್ಳೆಯ ಕಲ್ಲು ಹಾಕಿದರೂ ಸೀಟ್ ದುಂಡಗೆ ಬರುವುದಿಲ್ಲ. ನಂತರ ಕಲ್ಲಿನ ಕೋನವನ್ನು ಹೊಸದಾಗಿ ಡ್ರೆಸ್ ಮಾಡಿ. ಸ್ಟೆಲೈಟ್‌ನಂಥ ಗಟ್ಟಿ ಸೀಟಿಗೆ ಬೀಡಿನ ಸೀಟಿನ ಕಲ್ಲು ಹಾಕಿದರೆ ಮೊಂಡಾಗಿ ನಡುಗುತ್ತದೆ, ಅದಕ್ಕೆಂದೇ ಬೇರೆ ಕಲ್ಲು ಸಿಗುತ್ತದೆ. ವಾಲ್ವ್ ಮುಖ ಗ್ರೈಂಡ್ ಮಾಡಿದ ಮೇಲೆ ಅಂಚಿನ ದಪ್ಪ ತಯಾರಕರ ಮಿತಿಗಿಂತ ಕಡಿಮೆಯಾದರೆ ವಾಲ್ವ್ ಬಿಸಾಡಿ, ತೆಳು ಅಂಚು ಸುಡುತ್ತದೆ. ಕೆಲವು ಎಕ್ಸಾಸ್ಟ್ ವಾಲ್ವ್‌ಗಳ ಕಾಂಡದೊಳಗೆ ಸೋಡಿಯಂ ಇರುತ್ತದೆ. ಅವನ್ನು ಕತ್ತರಿಸಿ ಪಂಚ್ ಮಾಡಿಕೊಳ್ಳುವ ಹಳೆಯ ಚಾಳಿ ಬೇಡ, ನೀರು ತಾಗಿದರೆ ಸೋಡಿಯಂ ಹೊತ್ತಿಕೊಳ್ಳುತ್ತದೆ.

ಬೆಂಚ್ ಗ್ರೈಂಡರ್ ಮತ್ತು ಆಂಗಲ್ ಗ್ರೈಂಡರ್

ಬೆಂಚ್ ಗ್ರೈಂಡರಿನಲ್ಲಿ ಜಾಬ್ ಒಳಕ್ಕೆ ಎಳೆದುಕೊಂಡಂತಾದರೆ ರೆಸ್ಟ್ (ಜಾಬ್ ಇಟ್ಟು ಹಿಡಿಯುವ ಪಟ್ಟಿ) ಮತ್ತು ವೀಲ್ ನಡುವಿನ ಸಂದು ಹೆಚ್ಚಾಗಿದೆ. ಅದು 3 ಮಿ.ಮೀ. ದಾಟಬಾರದು, ಗಾರ್ಡಿನ ಮೇಲಿನ ನಾಲಿಗೆಯ ಸಂದು 6 ಮಿ.ಮೀ. ದಾಟಬಾರದು. ವೀಲ್ ಸವೆದಂತೆ ಎರಡನ್ನೂ ಮುಂದೆ ತರುತ್ತಿರಿ, ಯಂತ್ರ ನಿಂತಾಗ. ನೇರ ವೀಲಿನ ಬದಿಗೆ ಒತ್ತಿ ಗ್ರೈಂಡ್ ಮಾಡಬೇಡಿ, ಅದರ ಬಲ ಅಂಚಿನಲ್ಲಿದೆ, ಬದಿಯಲ್ಲಿಲ್ಲ. ಅಲ್ಯುಮಿನಿಯಂ ಚೂರು ಅದೇ ಗ್ರೈಂಡರಿಗೆ ಹಿಡಿದರೆ ವೀಲ್ ಲೋಡ್ ಆಗಿ ಕಾಯ್ದು ಸಿಡಿಯಬಹುದು. ಅದರ ನುಣ್ಣನೆ ಪುಡಿ ಕಬ್ಬಿಣದ ತುಕ್ಕಿನ ಜತೆ ಸೇರಿದಾಗ ಬೆಂಕಿ ಹತ್ತಲು ಕಿಡಿಯೊಂದು ಸಾಕು. ಮೆಗ್ನೀಸಿಯಂ ಆದರಂತೂ ನೀರು ಹಾಕಿ ಆರಿಸಲು ಹೋಗಬಾರದು.

ಆಂಗಲ್ ಗ್ರೈಂಡರಿನ ಡಿಸ್ಕ್ ನಡುವಿನ ಲೋಹದ ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಹೆಚ್ಚಿನವುಗಳಲ್ಲಿ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಅದು ಕೊನೆಯ ದಿನಾಂಕ. ರೆಸಿನ್ ಬಾಂಡ್ ತೇವಕ್ಕೆ, ಕಾಲಕ್ಕೆ ದುರ್ಬಲವಾಗುತ್ತದೆ, ಅದಕ್ಕೇ ತಯಾರಾದ ಮೂರು ವರ್ಷಕ್ಕೆ ಅವಧಿ. ಗೋಡೌನಿನ ಮೂಲೆಯಲ್ಲಿ ಮಳೆಗಾಲ ಕಳೆದ ಅಗ್ಗದ ಡಿಸ್ಕ್ ಅಗ್ಗವೇನಲ್ಲ.

ಇನ್ನೊಂದು ಅಪಾಯ ಎಲ್ಲೆಡೆ ಕಾಣುತ್ತದೆ: ಗಾರ್ಡ್ ಬಿಚ್ಚಿ ಸಣ್ಣ ಮಷಿನ್‌ಗೆ 7 ಇಂಚಿನ ಡಿಸ್ಕ್. 11,000 ಆರ್‌ಪಿಎಂನಲ್ಲಿ 125 ಮಿ.ಮೀ. ಡಿಸ್ಕ್ ಅಂಚು ಸೆಕೆಂಡಿಗೆ 72 ಮೀಟರ್, ಡಿಸ್ಕಿನ 80 ಮೀಟರ್ ಮಿತಿಯೊಳಗೆ. ಅದೇ ಮಷಿನ್‌ಗೆ 180 ಮಿ.ಮೀ. ಹಾಕಿದರೆ 104 ಮೀಟರ್. ಅದು ಒಡೆಯದಿದ್ದರೇ ಆಶ್ಚರ್ಯ. ಕಟಿಂಗ್ ಡಿಸ್ಕಿನ ಬದಿಯಿಂದ ಗ್ರೈಂಡ್ ಮಾಡುವುದೂ ಇದೇ ಸಾಲಿನದು.

ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್, ಕಿವಿಗೆ ಪ್ಲಗ್. ಬೆಂಚ್ ಗ್ರೈಂಡರಿನಲ್ಲಿ ಸಡಿಲ ಗ್ಲೌಸ್, ಲುಂಗಿ, ಕೊರಳ ಟವಲ್ ಬೇಡ. ಕಣ್ಣಿಗೆ ಕಿಡಿ ಬಿದ್ದರೆ ಪಕ್ಕದವನು ಬತ್ತಿ, ಬೆಂಕಿಕಡ್ಡಿ ಹಿಡಿದು ತೆಗೆಯಲು ಬರುತ್ತಾನೆ, ಬಿಡಬೇಡಿ. ಉಜ್ಜದೆ ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಕಣ ಉಳಿದರೆ ಬೇಗನೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ.

ವೀಲ್ ಬದಲಿಸಲೇಬೇಕು ಎಂದಾದರೆ

ಸ್ಪಿಂಡಲ್ ಬೇರಿಂಗ್ ಬಿಸಿಯಾಗುವುದು, ಡ್ರೆಸ್ ಮಾಡಿದರೂ ಟೇಪರ್ (ಜಾಬಿನ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಆಗುವುದು) ಹೋಗದಿರುವುದು, ವೀಲ್ ಬಿಚ್ಚಿದ ಮೇಲೂ ನಡುಕ ಉಳಿಯುವುದು, ಇವು ಯಂತ್ರದ ಕಾಯಿಲೆಗಳು. ಗ್ರೈಂಡರ್ ರಿಪೇರಿ ಗೊತ್ತಿದ್ದವರನ್ನೇ ಕರೆಸಿ. ಸ್ಪಿಂಡಲ್ ಬಿಚ್ಚಿ ಕಲಿಯುವ ಜಾಗ ಇದಲ್ಲ.

ವೀಲೇ ಬೇಕಾದರೆ ಅಂಗಡಿಗೆ ಬರೀ "12 ಇಂಚು ಬಿಳಿ ವೀಲ್" ಎಂದು ಫೋನ್ ಮಾಡಬೇಡಿ. ವ್ಯಾಸ, ಅಗಲ, ರಂಧ್ರ, ಸ್ಪಿಂಡಲ್ ಆರ್‌ಪಿಎಂ, ಜಾಬಿನ ಲೋಹ ಮತ್ತು ಹಾರ್ಡ್‌ನೆಸ್, ಎಷ್ಟು ಲೋಹ ತೆಗೆಯಬೇಕು, ಎಂಥ ಫಿನಿಶ್ ಬೇಕು, ಕೂಲೆಂಟ್ ಇದೆಯೋ ಇಲ್ಲವೋ, ಈಗಿನ ವೀಲಿನ ಪೂರ್ತಿ ಗುರುತು, ಅದರಲ್ಲಿ ಕಂಡ ತೊಂದರೆ: ಇಷ್ಟನ್ನೂ ಹೇಳಿ. ದೊಡ್ಡ ತಯಾರಕರು ಅಪ್ಲಿಕೇಶನ್ ಎಂಜಿನಿಯರ್‌ಗಳನ್ನು ಇಟ್ಟಿರುತ್ತಾರೆ, ಡೀಲರ್ ಮೂಲಕ ಕೇಳಿದರೆ ಸಲಹೆ ಕೊಡುತ್ತಾರೆ. ಈಗಿರುವ ವೀಲಿನ ಲೇಬಲ್ ಎಣ್ಣೆಗೆ ನೆನೆದು ಕಿತ್ತುಹೋಗುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದು, ಯಾವ ಜಾಬಿಗೆ ಹೇಗೆ ಓಡಿತು ಎಂದು ಅದರ ಜತೆ ಒಂದು ಸಾಲು ಬರೆದಿಟ್ಟುಕೊಳ್ಳಿ.